ಕಾಯಿಸಿ ಕಾದಿರಿಸಿದ ದ್ರಾಕ್ಷಾಮದ್ಯ

ದ್ರಾಕ್ಷಾಮದ್ಯವು ಹಳತಾದಷ್ಟೂ ಉತ್ತಮವಾಗುತ್ತದೆಂಬ ನಂಬಿಕೆ ಜನಸಾಮಾನ್ಯರಲ್ಲಿ ಬಲವಾಗಿ ಬೇರೂರಿರುವುದಾದರೂ ಅದು ಪೂರ್ಣ ಸತ್ಯವಲ್ಲ. ಪ್ರಪಂಚದಲ್ಲಿ ವರ್ಷಂಪ್ರತಿ ತಯಾರಾಗುವ ವೈನಿನ ಬಹುಭಾಗವು ಕೆಲವೇ ವರ್ಷಗಳೊಳಗೆ ಕುಡಿದು ಮುಗಿಸಬೇಕಾದುದು. ಉಳಿದ ಅಲ್ಪಭಾಗದಲ್ಲಿಯೂ ಎರಡು ಮೂರು ದಶಕಗಳನ್ನು ದಾಟಿ ರುಚಿಯನ್ನು ಉಳಿಸಿಕೊಳ್ಳುವ ಯೋಗ್ಯತೆಯುಳ್ಳವು ವಿರಳ. ಅಂತಹವನ್ನು ಕಾಪಾಡುವುದಕ್ಕಾದರೂ ನೆಲಮಾಳಿಗೆಯ ತಂಪು, ಕತ್ತಲೆ, ಅಲುಗಾಡದ ನೆಲೆ, ಗಾಳಿಗೆ ಎಡೆಗೊಡದ ಬಿರಡೆ ಇವಿಷ್ಟೂ ಬೇಕು. ಏಕೆಂದರೆ ಶಾಖ, ಗಾಳಿ, ಅಲುಗಾಟ ಈ ಮೂರೂ ವೈನಿಗೆ ಹುಟ್ಟುವೈರಿಗಳು. ಹೀಗಿರುವಲ್ಲಿ, ಈ ವೈರಿಗಳನ್ನೇ ಪರಿಚಾರಕರನ್ನಾಗಿ ನಿಯಮಿಸಿಕೊಂಡು, ಅವರ ಕೈಯಿಂದಲೇ ಪರಿಪಾಕವನ್ನು ಪಡೆದು, ನೂರು ವರ್ಷ ಕಳೆದರೂ ಕೆಡದೆ, ಕೆಲವೊಮ್ಮೆ ಇನ್ನೂರು ವರ್ಷಗಳ ಅನಂತರವೂ ಪಾನಯೋಗ್ಯವಾಗಿ ಉಳಿಯುವ ವೈನೊಂದು ಇದೆಯೆಂದರೆ ಅದು ಕುತೂಹಲಕ್ಕೆ ಅರ್ಹವಾದ ಸಂಗತಿಯೇ ಸರಿ. ಪೋರ್ಚುಗಲ್ ದೇಶಕ್ಕೆ ಸೇರಿದ ಮಡೀರಾ ದ್ವೀಪದಲ್ಲಿ ಹುಟ್ಟಿ, ಆ ದ್ವೀಪದ ಹೆಸರಿನಿಂದಲೇ ಲೋಕಪ್ರಸಿದ್ಧವಾಗಿರುವ ವೈನು ಅದು. ಪಾನನಿರತರಲ್ಲದವರೂ ಅದರ ಕಥೆಯನ್ನು ಆಸಕ್ತಿಯಿಂದ ಕೇಳಬಹುದು. ಅದರಲ್ಲಿ ಮದ್ಯಕ್ಕಿಂತ ಮನುಷ್ಯಪ್ರಯತ್ನದ ಪಾಲೇ ಹೆಚ್ಚಿನದು.

ಲಿಸ್ಬನ್ ನಗರದಿಂದ ನೈರುತ್ಯಕ್ಕೆ ಸುಮಾರು ಸಾವಿರ ಕಿಲೋಮೀಟರು ದೂರದಲ್ಲಿ, ಅಟ್ಲಾಂಟಿಕ್ ಸಾಗರದ ನಡುವೆ, ಅಗ್ನಿಪರ್ವತಗಳ ಉದ್ಗಾರದಿಂದ ಮೇಲೆದ್ದು ನಿಂತ ಕಡಿದಾದ ದ್ವೀಪ ಮಡೀರಾ. ಉದ್ದದಲ್ಲಿ ಅರವತ್ತು ಕಿಲೋಮೀಟರನ್ನೂ ಮುಟ್ಟದ ಈ ನೆಲದಲ್ಲಿ 1862 ಮೀಟರು ಎತ್ತರದ ಶಿಖರವಿರುವುದನ್ನು ನೆನೆದರೆ, ಸಮತಟ್ಟಾದ ಹೊಲವೆಂಬುದು ಅಲ್ಲಿ ಎಷ್ಟು ದುರ್ಲಭವೆಂಬುದು ತಾನೇ ವಿದಿತವಾಗುತ್ತದೆ. 1419ರಲ್ಲಿ ಪೋರ್ಚುಗೀಸ್ ನಾವಿಕರು ಬಂದಿಳಿದಾಗ ನಿರ್ಜನವೂ ದಟ್ಟವಾದ ಅರಣ್ಯದಿಂದ ಆವೃತವೂ ಆಗಿದ್ದ ಆ ಬೆಟ್ಟಗಳ ಇಳಿಜಾರಿನಲ್ಲಿ, ಅಲ್ಲಿ ನೆಲೆಸಿದ ಜನರು ಕಾಡು ಕಡಿದು, ಕಪ್ಪು ಕಲ್ಲಿನ ಗೋಡೆಗಳನ್ನು ಕಟ್ಟಿ, ಮೆಟ್ಟಿಲು ಮೆಟ್ಟಿಲಾದ ಪಟ್ಟೆಹೊಲಗಳನ್ನು ನಿರ್ಮಿಸಿ, ಮಳೆ ಹೆಚ್ಚಾಗಿ ಸುರಿಯುವ ಉತ್ತರದ ಮಗ್ಗುಲಿನಿಂದ ಒಣ ದಕ್ಷಿಣಕ್ಕೆ ಬಂಡೆಗಳ ಮೈಯಲ್ಲಿಯೇ ಕೊರೆದ ನೂರಾರು ಮೈಲಿಗಳ ಕಾಲುವೆಗಳ ಮೂಲಕ ನೀರನ್ನು ಹರಿಸಿದರು. ಲೆವಾದಾ ಎಂಬ ಹೆಸರಿನ ಆ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಪಟ್ಟೆಹೊಲಗಳ ಮೇಲೆ ಮರದ ಚಪ್ಪರಗಳನ್ನು ಹಾಕಿ ಅವುಗಳ ಮೇಲೆ ಬಳ್ಳಿಯನ್ನು ಹಬ್ಬಿಸಿ, ಚಪ್ಪರದ ಕೆಳಗಿನ ನೆರಳಿನಲ್ಲಿ ತರಕಾರಿಯನ್ನು ಬೆಳೆಯುವುದು ಅಲ್ಲಿನ ರೈತರ ಹಳೆಯ ಪದ್ಧತಿ.

ಮೊದಲಿಗೆ ದ್ವೀಪಕ್ಕೆ ಸಂಪತ್ತನ್ನು ತಂದುದು ಕಬ್ಬು. ಆದರೆ ದ್ರಾಕ್ಷಿಯೂ ಬಹುಬೇಗ ಬಂದಿತು. ಮೆಡಿಟರೇನಿಯನ್ ಸಮುದ್ರದ ಕ್ರೀಟ್ ದ್ವೀಪದಿಂದ ತರಿಸಿದ ಮಾಲ್ವಸಿಯಾ ಎಂಬ ಬಳ್ಳಿಯನ್ನು ಅಲ್ಲಿ ನೆಡಿಸಿದವನು ಪೋರ್ಚುಗಲ್ಲಿನ ರಾಜಕುಮಾರ ಹೆನ್ರಿಯೆಂದು ಹೇಳುತ್ತಾರೆ. 1455ರಲ್ಲಿ ದ್ವೀಪವನ್ನು ಕಂಡ ವೆನಿಸ್ಸಿನ ನಾವಿಕ ಕಾದಮೋಸ್ತೋ ಅಲ್ಲಿನ ದ್ರಾಕ್ಷಿಯನ್ನು ಪ್ರಶಂಸಿಸಿ ಬರೆದಿದ್ದಾನೆ. ಮುಂದಿನ ಶತಮಾನದ ಅಂತ್ಯದ ವೇಳೆಗೆ ಅಲ್ಲಿನ ವೈನು ಇಂಗ್ಲೆಂಡಿನಲ್ಲಿ ಎಷ್ಟು ಪರಿಚಿತವಾಗಿತ್ತೆಂದರೆ, ಶೇಕ್ಸ್‌ಪಿಯರ್ ಮಹಾಕವಿಯು ನಾಲ್ಕನೆಯ ಹೆನ್ರಿಯನ್ನು ಕುರಿತ ನಾಟಕದಲ್ಲಿ, ಒಂದು ಬಟ್ಟಲು ಮಡೀರಾಕ್ಕಾಗಿ ಫಾಲ್‌ಸ್ಟಾಫನು ತನ್ನ ಆತ್ಮವನ್ನೇ ಪಿಶಾಚಿಗೆ ಮಾರಿಕೊಂಡನೆಂಬ ಪರಿಹಾಸವನ್ನು ಪಾತ್ರವೊಂದರ ಬಾಯಿಂದ ಆಡಿಸಿದ್ದಾನೆ. ಆ ಅರಸನು 1413ರಲ್ಲಿ, ಎಂದರೆ ಪೋರ್ಚುಗೀಸರು ದ್ವೀಪದಲ್ಲಿ ಬಂದಿಳಿಯುವುದಕ್ಕೆ ಮೊದಲೇ, ತೀರಿಕೊಂಡನೆಂಬುದನ್ನು ಕವಿಯಾಗಲಿ ಪ್ರೇಕ್ಷಕರಾಗಲಿ ಲೆಕ್ಕಿಸಲಿಲ್ಲ.

ಈ ವೈನಿನ ಭಾಗ್ಯೋದಯಕ್ಕೆ ಕಾರಣವಾದುದು ಅದರ ಗುಣಕ್ಕಿಂತ ಮೊದಲು ದ್ವೀಪದ ಸ್ಥಾನ. ಅಮೆರಿಕಕ್ಕಾಗಲಿ, ಆಫ್ರಿಕದ ತುದಿಯನ್ನು ಸುತ್ತಿ ಭಾರತಕ್ಕಾಗಲಿ ಹೊರಟ ಹಾಯಿಹಡಗುಗಳು ನೀರು, ತರಕಾರಿಗಳಿಗಾಗಿ ದ್ವೀಪದ ಫುಂಶಾಲ್ ಬಂದರಿನಲ್ಲಿ ತಂಗುತ್ತಿದ್ದುವು. ತಂಗಿದ ಹಡಗು ವೈನನ್ನು ಹೇರಿಕೊಳ್ಳದೆ ಹೊರಡುತ್ತಿರಲಿಲ್ಲ. 1768ರಲ್ಲಿ ಕ್ಯಾಪ್ಟನ್ ಕುಕ್ ತನ್ನ ಪ್ರಥಮ ಮಹಾಯಾನದಲ್ಲಿ ಇಲ್ಲಿ ತುಂಬಿಸಿಕೊಂಡ ವೈನು ಮೂರು ಸಾವಿರ ಗ್ಯಾಲನ್‌ಗೂ ಮಿಗಿಲು. ಇದಲ್ಲದೆ 1663ರ ಇಂಗ್ಲಿಷ್ ಶಾಸನವೊಂದು ಯೂರೋಪಿನ ಸರಕುಗಳೆಲ್ಲವೂ ಇಂಗ್ಲೆಂಡಿನ ಬಂದರುಗಳ ಮೂಲಕವೇ ಅಮೆರಿಕದ ವಸಾಹತುಗಳಿಗೆ ಹೋಗಬೇಕೆಂದು ವಿಧಿಸಿ, ಮಡೀರಾದ ವೈನಿಗೆ ವಿನಾಯಿತಿಯನ್ನು ನೀಡಿದ್ದರಿಂದ ಅಮೆರಿಕದ ಸಿರಿವಂತರ ಮೇಜಿನ ಮೇಲೆ ಅದಕ್ಕೆ ಸರಿಸಾಟಿಯಿಲ್ಲದಂತಾಯಿತು. 1768ರಲ್ಲಿಯೇ ಬಾಸ್ಟನ್ ಬಂದರಿನಲ್ಲಿ ವರ್ತಕ ಜಾನ್ ಹ್ಯಾನ್‌ಕಾಕನ ಹಡಗನ್ನು ಸುಂಕದ ಅಧಿಕಾರಿಗಳು ಜಪ್ತಿ ಮಾಡಿ ಊರಿನಲ್ಲಿ ದೊಂಬಿಯೆದ್ದಾಗ, ಆ ವಿವಾದಕ್ಕೆ ಮೂಲವಾಗಿದ್ದುದು ಮಡೀರಾ ವೈನೇ. ಜಾರ್ಜ್ ವಾಷಿಂಗ್ಟನ್ನನಿಗೆ ಅದು ಪ್ರಿಯವಾಗಿತ್ತು. 1776ರ ಸ್ವಾತಂತ್ರ್ಯಘೋಷಣೆಯನ್ನು ಸಂಭ್ರಮಿಸಲು ಎತ್ತಿದ ಬಟ್ಟಲುಗಳಲ್ಲಿಯೂ ಅದೇ ಇತ್ತೆಂದು ಪರಂಪರೆ ಹೇಳುತ್ತದೆ.

ಭಾರತದ ದಾರಿಯಲ್ಲಿಯೇ ಈ ವೈನಿನ ಮರ್ಮವು ಬಯಲಾದುದು ನಮಗೆ ವಿಶೇಷ ಸ್ವಾರಸ್ಯದ ವಿಷಯ. ಹಡಗಿನ ತಳದಲ್ಲಿ ಪೀಪಾಯಿಗಳು ತಿಂಗಳುಗಟ್ಟಲೆ ಉರುಳಾಡುತ್ತ, ಭೂಮಧ್ಯರೇಖೆಯನ್ನು ಹೋಗುವಾಗ ಎರಡು ಬಾರಿ, ಬರುವಾಗ ಎರಡು ಬಾರಿ ದಾಟಿ, ಉಷ್ಣವಲಯದ ಬೇಗೆಯಲ್ಲಿ ಬೆಂದು ಹಿಂತಿರುಗಿದಾಗ, ಕೆಟ್ಟುಹೋಗಿರಬೇಕಾಗಿದ್ದ ವೈನು ಮೊದಲಿಗಿಂತ ಮೃದುವೂ ಸುಗಂಧಿಯೂ ಆಗಿರುವುದನ್ನು ವರ್ತಕರು ಕಂಡರು. ಕಂಡೊಡನೆ ಅದನ್ನೇ ಒಂದು ಪದ್ಧತಿಯನ್ನಾಗಿ ಮಾಡಿಕೊಂಡು, ಮಾರುವುದಕ್ಕಾಗಿಯಲ್ಲದೆ ಕೇವಲ ಪಕ್ವಗೊಳಿಸುವುದಕ್ಕಾಗಿಯೇ ಪೀಪಾಯಿಗಳನ್ನು ಭಾರತಕ್ಕೆ ಕಳುಹಿಸಿ ಹಿಂದಕ್ಕೆ ತರಿಸಿಕೊಂಡು, ಹಾಗೆ ಸುತ್ತಿಬಂದ ವೈನಿಗೆ ಹೆಚ್ಚಿನ ಬೆಲೆಯನ್ನು ಪಡೆಯತೊಡಗಿದರು. ಮದರಾಸು, ಕಲ್ಕತ್ತೆಗಳಲ್ಲಿ ನೆಲೆಸಿದ್ದ ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಗಳ ಭೋಜನಶಾಲೆಗಳಲ್ಲಿಯೂ ಮಡೀರಾ ನಿತ್ಯದ ಪಾನೀಯವಾಗಿತ್ತು. ಈ ದೇಶದ ಸೆಕೆಯಲ್ಲಿ ಇತರ ವೈನುಗಳು ಹುಳಿತು ಹೋಗುತ್ತಿದ್ದಾಗ ಇದೊಂದು ಮಾತ್ರ ನಿಲ್ಲುತ್ತಿದ್ದುದೇ ಅದಕ್ಕೆ ಕಾರಣ.

ಪ್ರತಿಯೊಂದು ಪೀಪಾಯಿಯನ್ನೂ ಸಮುದ್ರಯಾನಕ್ಕೆ ಕಳುಹಿಸುವುದು ವೆಚ್ಚದ ಕೆಲಸ. ಆದಕಾರಣ ಹದಿನೆಂಟನೆಯ ಶತಮಾನದ ಕೊನೆಯ ದಶಕದಲ್ಲಿ ದ್ವೀಪದವರು ಉಷ್ಣವಲಯವನ್ನೇ ಮನೆಗೆ ತಂದುಕೊಂಡರು. ಬಿಸಿಗೊಳಿಸಿದ ಕೋಣೆಗಳಲ್ಲಿ ವೈನನ್ನು ಇರಿಸುವ ಎಸ್ತುಫಾ ಎಂಬ ಕ್ರಮ ಆಗ ಬಂದಿತು. ಈಗ ಸಾಧಾರಣ ದರ್ಜೆಯ ಮಡೀರಾವನ್ನು ಉಕ್ಕಿನ ತೊಟ್ಟಿಗಳಲ್ಲಿ 45ರಿಂದ 50 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೂರು ತಿಂಗಳ ಕಾಲ ಕಾಯಿಸುತ್ತಾರೆ. ಉತ್ತಮ ವೈನಿಗೆ ಈ ಅವಸರ ಸಲ್ಲದು. ಅದನ್ನು ಪೀಪಾಯಿಗಳಲ್ಲಿ ತುಂಬಿ, ಹೆಂಚಿನ ಮಾಡಿನ ಕೆಳಗೆ ಬಿಸಿಲಿನ ಝಳ ತಾಕುವ ಅಟ್ಟಗಳಲ್ಲಿ ತೊಲೆಗಳ ಮೇಲೆ ಸಾಲಾಗಿ ಮಲಗಿಸುತ್ತಾರೆ. ಕಾಂತೇಯ್ರೊ ಎಂಬುದು ಆ ತೊಲೆಗೂ ಆ ಕ್ರಮಕ್ಕೂ ಇರುವ ಹೆಸರು. ಬೇಸಗೆಯಲ್ಲಿ ಕಾದು, ಚಳಿಗಾಲದಲ್ಲಿ ಆರಿ, ಮರದ ಸಂದುಗಳಿಂದ ಗಾಳಿಯನ್ನು ಹೀರಿ, ನೀರಿನ ಅಂಶವನ್ನು ಆವಿಯಾಗಿ ಕಳೆದುಕೊಂಡು ವೈನು ವರ್ಷದಿಂದ ವರ್ಷಕ್ಕೆ ಗಾಢವಾಗುತ್ತದೆ. ವಯಸ್ಸಾದಂತೆ ಪೀಪಾಯಿಯನ್ನು ಮೇಲಿನ ಬಿಸಿ ಅಟ್ಟದಿಂದ ಕೆಳಗಿನ ತಂಪು ಅಂತಸ್ತಿಗೆ ಇಳಿಸುವುದೂ ಉಂಟು.

ಇಂತಹ ಉಪಚಾರವನ್ನು ಸಹಿಸಿಕೊಳ್ಳುವ ಶಕ್ತಿ ಈ ವೈನಿಗೆ ಎಲ್ಲಿಂದ ಬಂದಿತೆಂಬುದಕ್ಕೆ ಉತ್ತರ ಎರಡು. ಮೊದಲನೆಯದು, ಅದಕ್ಕೆ ಬೆರೆಸುವ ಮದ್ಯಸಾರ. ನಮ್ಮ ಔಷಧದ ಅಂಗಡಿಗಳಲ್ಲಿ ದೊರೆಯುವ ದ್ರಾಕ್ಷಾಸವದಲ್ಲಿ ಮದ್ಯದ ಅಂಶವು ಹುದುಗುವಿಕೆಯಿಂದಲೇ ತಾನಾಗಿ ಹುಟ್ಟುವಂತೆ ಎಲ್ಲ ವೈನುಗಳಲ್ಲಿಯೂ ಹುಟ್ಟುತ್ತದೆ. ಮಡೀರಾದಲ್ಲಿ ಅದರ ಮೇಲೆ ದ್ರಾಕ್ಷಿಯಿಂದಲೇ ಬಟ್ಟಿಯಿಳಿಸಿದ, ನೂರಕ್ಕೆ ತೊಂಬತ್ತಾರರಷ್ಟು ತೀವ್ರತೆಯ ಮದ್ಯಸಾರವನ್ನು ಸೇರಿಸುತ್ತಾರೆ. ಆಗ ಒಟ್ಟು ಅಂಶವು ನೂರಕ್ಕೆ ಹದಿನೇಳರಿಂದ ಇಪ್ಪತ್ತೆರಡರವರೆಗೆ ಏರಿ, ಹುದುಗಿಸುವ ಸೂಕ್ಷ್ಮಜೀವಿಗಳು ಅಡಗಿಹೋಗುತ್ತವೆ. ಈ ಸೇರಿಕೆಯನ್ನು ಬೇಗ ಮಾಡಿದರೆ ಹಣ್ಣಿನ ಸಕ್ಕರೆ ಉಳಿದು ವೈನು ಸಿಹಿಯಾಗುತ್ತದೆ. ತಡವಾಗಿ ಮಾಡಿದರೆ ಸಿಹಿ ಕಡಮೆಯಾಗುತ್ತದೆ. ಎರಡನೆಯ ಉತ್ತರ, ಹಣ್ಣಿನ ಹುಳಿ. ಜ್ವಾಲಾಮುಖಿಯ ಮಣ್ಣಿನಲ್ಲಿ, ಸಾಗರದ ತಂಪು ಗಾಳಿಯಲ್ಲಿ ಬೆಳೆದ ಅಲ್ಲಿನ ದ್ರಾಕ್ಷಿಗೆ ಹುಳಿಯ ಅಂಶ ಅತ್ಯಧಿಕ. ಎಷ್ಟೇ ಸಿಹಿಯಾದರೂ ಬಾಯಿಗೆ ಜಿಡ್ಡಾಗದಂತೆ ಅದನ್ನು ಚುರುಕಾಗಿರಿಸುವುದು ಆ ಹುಳಿಯೇ. ಮದ್ಯಸಾರವೂ ಹುಳಿಯೂ ಕಾವಲಿದ್ದು, ಬಿಸಿಯಿಂದಲೂ ಗಾಳಿಯಿಂದಲೂ ಆಗಬಹುದಾದ ವಿಕಾರಗಳೆಲ್ಲವೂ ಮೊದಲೇ ಆಗಿ ಕಳೆದುಹೋದ ಮೇಲೆ, ಕೆಡುವುದಕ್ಕೆ ಅದರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಬಿರಡೆ ತೆಗೆದ ಸೀಸೆಯೂ ತಿಂಗಳುಗಟ್ಟಲೆ ರುಚಿಗೆಡದೆ ಇರುವುದು ಈ ಕಾರಣದಿಂದಲೇ.

ಸೆರ್ಸಿಯಲ್, ವೆರ್ದೆಲ್ಯೊ, ಬೋಆಲ್, ಮಾಲ್ವಸಿಯಾ ಎಂಬ ನಾಲ್ಕು ಬಿಳಿ ದ್ರಾಕ್ಷಿಗಳಿಗೆ ಅಲ್ಲಿ ಕುಲೀನವೆಂಬ ಗೌರವವಿದೆ. ಹೇಳಿದ ಕ್ರಮದಲ್ಲಿಯೇ ಅವುಗಳ ವೈನು ಒಗರಿನಿಂದ ಸಿಹಿಯ ಕಡೆಗೆ ಸಾಗುತ್ತದೆ. ತೆರ್‍ರಾಂತೇಜ್ ಎಂಬ ಐದನೆಯದು ನಾಮಾವಶೇಷವಾಗುವುದರಲ್ಲಿದ್ದು ಈಚೆಗೆ ಸ್ವಲ್ಪ ಚೇತರಿಸಿಕೊಂಡಿದೆ. ಆದರೆ ಇಂದು ದ್ವೀಪದ ಬಹುಪಾಲು ವೈನು ತಯಾರಾಗುವುದು ತಿಂತಾ ನೆಗ್ರಾ ಎಂಬ ಕಪ್ಪು ದ್ರಾಕ್ಷಿಯಿಂದ. ರಸ್ತೆಗಳಿಲ್ಲದ ಹಿಂದಿನ ಕಾಲದಲ್ಲಿ ಬೆಟ್ಟದ ಮೇಲಣ ಊರುಗಳಲ್ಲಿಯೇ ಹಣ್ಣನ್ನು ತುಳಿದು, ರಸವನ್ನು ಆಡಿನ ಚರ್ಮದ ಚೀಲಗಳಲ್ಲಿ ತುಂಬಿಸಿ, ಹೊರೆಯಾಳುಗಳು ಸಾಲಾಗಿ ಹೆಗಲ ಮೇಲೆ ಹೊತ್ತು ಕಡಿದಾದ ಕಾಲುದಾರಿಗಳಲ್ಲಿ ಫುಂಶಾಲಿನ ಮಳಿಗೆಗಳಿಗೆ ಇಳಿಸುತ್ತಿದ್ದರು.

ಆ ಮಳಿಗೆಗಳ ಒಡೆಯರಲ್ಲಿ ಅನೇಕರು ಬ್ರಿಟಿಷರು. 1745ರಲ್ಲಿ ಸ್ಕಾಟ್ಲೆಂಡಿನ ಫ್ರಾನ್ಸಿಸ್ ನ್ಯೂಟನ್ ಆರಂಭಿಸಿದ ವ್ಯಾಪಾರವು ಮುಂದೆ ಕೊಸಾರ್ಟ್ ಗಾರ್ಡನ್ ಎಂಬ ಹೆಸರಿನಿಂದ ಖ್ಯಾತವಾಯಿತು. ಆದರೆ ಸ್ಥಾಪಿಸಿದ ಮನೆತನವು ಇಂದಿಗೂ ಅಲ್ಲಿಯೇ ನೆಲೆಸಿ ಅದೇ ವೃತ್ತಿಯನ್ನು ನಡೆಸಿಕೊಂಡು ಬಂದಿರುವ ನಿದರ್ಶನವೆಂದರೆ ಬ್ಲಾಂಡಿಯವರದು. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಇಂಗ್ಲೆಂಡಿನಿಂದ ದ್ವೀಪಕ್ಕೆ ಬಂದ ಜಾನ್ ಬ್ಲಾಂಡಿ 1811ರಲ್ಲಿ ವ್ಯಾಪಾರವನ್ನು ತೆರೆದನು. ಇಂದು ಅದನ್ನು ನೋಡಿಕೊಳ್ಳುತ್ತಿರುವುದು ಅವನ ಏಳನೆಯ ತಲೆಮಾರು. ಫುಂಶಾಲಿನ ಮಧ್ಯದಲ್ಲಿ, ಹಿಂದೆ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಮಠಕ್ಕೆ ಸೇರಿದ್ದ ಆವರಣದಲ್ಲಿ ಅವರ ಹಳೆಯ ವೈನ್ ಮಳಿಗೆ ನಿಂತಿದೆ; ಅದರ ಅಟ್ಟಗಳಲ್ಲಿ ಪೀಪಾಯಿಗಳ ಸಾಲುಗಳು ಈಗಲೂ ಪಕ್ವವಾಗುತ್ತಿವೆ.

ಮನೆತನದ ಹಿರಿಮೆ ತಿಳಿಯುವುದು ಆಪತ್ತಿನಲ್ಲಿ. ಜಾನ್ ಬ್ಲಾಂಡಿಯ ಅಂತ್ಯಕಾಲದಲ್ಲಿ, 1850ರ ದಶಕದ ಆರಂಭದಲ್ಲಿ, ಎಲೆಗಳ ಮೇಲೂ ಹಣ್ಣಿನ ಮೇಲೂ ಬೂದಿ ಎರಚಿದಂತೆ ಹಬ್ಬುವ ಒಯಿಡಿಯಂ ಎಂಬ ಶಿಲೀಂಧ್ರರೋಗವು ದ್ವೀಪಕ್ಕೆ ತಗಲಿ, ಕೆಲವೇ ವರ್ಷಗಳಲ್ಲಿ ಬೆಳೆಯನ್ನು ಬಹುಮಟ್ಟಿಗೆ ನಾಶಗೊಳಿಸಿತು. ರೈತರು ಹೊಟ್ಟೆಪಾಡಿಗಾಗಿ ದೇಶಾಂತರ ಹೊರಟರು. ವಿದೇಶೀ ವರ್ತಕರಲ್ಲಿ ಬಹುಮಂದಿ ದಾಸ್ತಾನನ್ನು ಮಾರಿ ಗಂಟು ಕಟ್ಟಿದರು. ಎಲ್ಲರೂ ಮಾರುತ್ತಿದ್ದ ಆ ಹೊತ್ತಿನಲ್ಲಿ ಕೊಳ್ಳಲು ನಿಂತವನು ಜಾನನ ಮಗ ಚಾರ್ಲ್ಸ್ ರಿಡ್‌ಪಾತ್ ಬ್ಲಾಂಡಿ. ಹೊಸ ವೈನು ಬರುವ ಭರವಸೆಯಿಲ್ಲದಾಗ ಹಳೆಯದನ್ನು ರಾಶಿರಾಶಿಯಾಗಿ ಕೊಂಡು ತನ್ನ ಅಟ್ಟಗಳಲ್ಲಿ ತುಂಬಿಸಿದ ಅವನ ನಡತೆಯು ನೆರೆಹೊರೆಯವರಿಗೆ ಅವಿವೇಕವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಮುಂದಿನ ತಲೆಮಾರುಗಳಿಗೆ ಬ್ಲಾಂಡಿಯವರ ಹೆಸರನ್ನು ಉಳಿಸಿದುದು ಆ ದಾಸ್ತಾನೇ.

ಗಂಧಕದ ಪುಡಿಯಿಂದ ಒಯಿಡಿಯಮ್ಮನ್ನು ಹತೋಟಿಗೆ ತಂದು ಹೆಚ್ಚು ಕಾಲ ಕಳೆಯುವ ಮೊದಲೇ, 1872ರ ಸುಮಾರಿಗೆ, ಬೇರನ್ನು ತಿನ್ನುವ ಫಿಲಾಕ್ಸೆರಾ ಎಂಬ ಕೀಟವು ಅಮೆರಿಕದಿಂದ ಬಂದು ಎರಡನೆಯ ಪೆಟ್ಟನ್ನು ಕೊಟ್ಟಿತು. ಥಾಮಸ್ ಸ್ಲ್ಯಾಪ್ ಲೀಕಾಕ್ ಎಂಬ ವರ್ತಕನು ರಾಳವನ್ನೂ ಟರ್ಪೆಂಟೈನನ್ನೂ ಬೆರೆಸಿ ಬೇರುಗಳಿಗೆ ಲೇಪಿಸಿ ತನ್ನ ತೋಟವನ್ನು ರಕ್ಷಿಸಿಕೊಂಡನು. ಉಳಿದವರಲ್ಲಿ ಕೆಲವರು ಅಮೆರಿಕದ ಕೀಟಸಹಿಷ್ಣು ಬುಡಗಳಿಗೆ ಹಳೆಯ ತಳಿಗಳನ್ನು ಕಸಿ ಮಾಡಿದರು, ಅನೇಕರು ಬೇಸತ್ತು ಕಬ್ಬು, ಬಾಳೆಗಳಿಗೆ ತಿರುಗಿದರು, ಇನ್ನು ಕೆಲವರು ಇಸಬೆಲ್ಲಾ ಮುಂತಾದ ಅಮೆರಿಕದ ತಳಿಗಳನ್ನೇ ನೆಟ್ಟು ತೃಪ್ತರಾದರು. ಈ ಇಸಬೆಲ್ಲಾ ನಮಗೆ ಅಪರಿಚಿತವಲ್ಲ. ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರಗಳ ತೋಟಗಳಲ್ಲಿ ಬೆಳೆದು ನಮ್ಮ ಸಂತೆಗಳಿಗೆ ಬರುವ ಬೆಂಗಳೂರು ನೀಲಿ ದ್ರಾಕ್ಷಿಯನ್ನು ತೋಟಗಾರಿಕೆಯ ತಜ್ಞರು ಅದೇ ಕುಲದ್ದೆಂದು ಪರಿಗಣಿಸುತ್ತಾರೆ. ನಮಗೆ ಅದು ಮೆಚ್ಚಿನ ಹಣ್ಣು. ಮಡೀರಾದಲ್ಲಾದರೋ ಅದರ ರಸದಿಂದ ಉತ್ತಮ ವೈನು ಆಗದೆಂದು ಕಂಡು, ಕಾಲಾಂತರದಲ್ಲಿ ದ್ವೀಪದ ಹೆಸರಿನ ವೈನಿಗೆ ಅಂತಹ ತಳಿಗಳನ್ನು ಬಳಸಕೂಡದೆಂದು ನಿಷೇಧಿಸಲಾಯಿತು.

ಬೆಳೆಗೆ ಬಂದ ಆಪತ್ತುಗಳ ಜೊತೆಗೆ ಮಾರುಕಟ್ಟೆಯ ಆಪತ್ತುಗಳೂ ಬಂದುವು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಭಾರತದ ಹಡಗುಗಳು ಬೇರೆ ದಾರಿ ಹಿಡಿದುವು. 1917ರ ಕ್ರಾಂತಿಯಿಂದ ರಷ್ಯದ ಗಿರಾಕಿಗಳು ಇಲ್ಲವಾದರು. 1920ರಲ್ಲಿ ಪಾನನಿಷೇಧವು ಅಮೆರಿಕದ ಬಾಗಿಲನ್ನು ಮುಚ್ಚಿತು. ಬಿಡಿಬಿಡಿಯಾಗಿ ಬದುಕುವುದು ಅಸಾಧ್ಯವೆಂದು ಕಂಡ ವರ್ತಕರು 1913ರಲ್ಲಿ ಆರಂಭವಾದ ಸಂಘವೊಂದರಲ್ಲಿ ಒಬ್ಬೊಬ್ಬರಾಗಿ ಸೇರಿಕೊಂಡರು. 1925ರಲ್ಲಿ ಬ್ಲಾಂಡಿ ಮತ್ತು ಲೀಕಾಕ್ ಮನೆತನಗಳೂ, 1953ರಲ್ಲಿ ಕೊಸಾರ್ಟ್ ಗಾರ್ಡನ್ನಿನವರೂ ಅದರೊಳಗೆ ಬಂದರು. ಹೆಸರುಗಳನ್ನು ಬೇರೆಬೇರೆಯಾಗಿ ಉಳಿಸಿಕೊಂಡು ಉಗ್ರಾಣವನ್ನು ಒಂದಾಗಿಸಿದ ಈ ಸಂಸ್ಥೆಯೇ ಇಂದಿನ ಮಡೀರಾ ವೈನ್ ಕಂಪೆನಿ. 1989ರಲ್ಲಿ ಪೋರ್ಟ್ ವೈನಿಗೆ ಪ್ರಸಿದ್ಧರಾದ ಸಿಮಿಂಗ್ಟನ್ ಮನೆತನದವರು ಅದರಲ್ಲಿ ಪ್ರಧಾನ ಪಾಲುದಾರರಾಗಿ ಬಂದು ಹೊಸ ಚೈತನ್ಯ ತಂದರು. 2011ರಲ್ಲಿ ಆಡಳಿತವು ಮತ್ತೆ ಬ್ಲಾಂಡಿಯವರ ಕೈಗೆ ಮರಳಿತು.

ಈ ಪರಂಪರೆಯ ಶಿಖರಪ್ರಾಯವಾದ ವೈನಿಗೆ ಫ್ರಾಸ್ಕೇಯ್ರಾ ಎಂದು ಹೆಸರು. ಒಂದೇ ತಳಿಯ, ಒಂದೇ ವರ್ಷದ ಸುಗ್ಗಿಯ ಹಣ್ಣಿನಿಂದ ತಯಾರಿಸಿ, ಪೀಪಾಯಿಯಲ್ಲಿ ಕನಿಷ್ಠ 20 ವರ್ಷ ಇರಿಸಿದುದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಇಪ್ಪತ್ತು ವರ್ಷಕ್ಕೆ ಹೊರತೆಗೆಯಬೇಕೆಂಬ ನಿರ್ಬಂಧವೇನೂ ಇಲ್ಲ. ಐವತ್ತು, ಎಂಬತ್ತು ವರ್ಷ ಪೀಪಾಯಿಯಲ್ಲಿ ಕಳೆದವೂ ಉಂಟು. ಆವಿಯಾಗಿ ತೀರ ಇಂಗಿ ಹೋಗುವಂತೆ ಕಂಡರೆ ದೊಡ್ಡ ಗಾಜಿನ ಜಾಡಿಗಳಿಗೆ ವರ್ಗಾಯಿಸಿ ಪಾಕವನ್ನು ಅಲ್ಲಿಗೆ ನಿಲ್ಲಿಸುತ್ತಾರೆ. ಕೊನೆಗೆ ಸೀಸೆಗೆ ಬಂದಾಗ, ಕಾಗದದ ಚೀಟಿ ಕಾಲಕ್ರಮದಲ್ಲಿ ಹರಿದು ಹೋಗುವುದೆಂದು ತಳಿ, ವರ್ಷಗಳನ್ನು ಗಾಜಿನ ಮೇಲೆಯೇ ಬಿಳಿಯ ಬಣ್ಣದ ಅಚ್ಚಕ್ಷರಗಳಲ್ಲಿ ಬಳಿಯುವುದು ರೂಢಿ. ಇತರ ವೈನುಗಳ ಸೀಸೆಯನ್ನು ಮಲಗಿಸಿಡುವಂತೆ ಇದನ್ನು ಮಲಗಿಸುವುದಿಲ್ಲ. ಇದರ ತೀಕ್ಷ್ಣತೆ ಬಿರಡೆಯನ್ನೇ ತಿಂದುಬಿಡುವುದೆಂದು ನೆಟ್ಟಗೆ ನಿಲ್ಲಿಸುತ್ತಾರೆ. ಬ್ಲಾಂಡಿಯವರ 1920ರ ಬೋಆಲ್ ಇಂತಹ ವೈನುಗಳಲ್ಲಿ ರಸಜ್ಞರು ಗೌರವದಿಂದ ಹೆಸರಿಸುವಂಥದು. ಹುರಿದ ಆಕ್ರೋಡು, ಒಣ ಅಂಜೂರ, ಕಿತ್ತಳೆಯ ಸಿಪ್ಪೆ, ಕಾಸಿ ಕೆಂಪಾಗಿಸಿದ ಸಕ್ಕರೆ ಇವುಗಳ ವಾಸನೆಯೂ, ನಾಲಿಗೆಯ ಮೇಲೆ ಬಹುಕಾಲ ನಿಲ್ಲುವ ಹುಳಿಸಿಹಿಯೂ ಹಳೆಯ ಬೋಆಲಿನ ಲಕ್ಷಣಗಳು.

ಹಳೆಯ ಸೀಸೆಗಳ ಸುತ್ತ ಐತಿಹ್ಯಗಳು ಬೆಳೆಯುವುದು ಸಹಜ. 1815ರಲ್ಲಿ ಸೆರೆಯಾಳಾಗಿ ಸೇಂಟ್ ಹೆಲೆನಾಕ್ಕೆ ಹೋಗುತ್ತಿದ್ದ ನೆಪೋಲಿಯನ್ನನ ಹಡಗು ಫುಂಶಾಲಿನ ಬಳಿ ನಿಂತಾಗ ಬ್ರಿಟಿಷ್ ಪ್ರತಿನಿಧಿ ಹೆನ್ರಿ ವೀಚ್ ಅವನಿಗೆ 1792ರ ವೈನಿನ ಪೀಪಾಯಿಯೊಂದನ್ನು ಒದಗಿಸಿದನೆಂದೂ, ಚಕ್ರವರ್ತಿ ಅದನ್ನು ಮುಟ್ಟದೆಯೇ ತೀರಿಕೊಂಡ ಮೇಲೆ ಪೀಪಾಯಿ ದ್ವೀಪಕ್ಕೆ ಮರಳಿ ಬ್ಲಾಂಡಿಯವರ ವಶಕ್ಕೆ ಬಂದಿತೆಂದೂ ಪ್ರತೀತಿ. 1950ರಲ್ಲಿ ವಿಶ್ರಾಂತಿಗಾಗಿ ದ್ವೀಪಕ್ಕೆ ಬಂದಿದ್ದ ಚರ್ಚಿಲ್ಲರಿಗೆ ಆ 1792ರ ವೈನಿನ ಸೀಸೆಯೊಂದನ್ನು ನೀಡಿದಾಗ, ಅವರು ತಾವೇ ಅತಿಥಿಗಳಿಗೆ ಬಡಿಸುತ್ತ, ಇದನ್ನು ತಯಾರಿಸಿದಾಗ ಫ್ರಾನ್ಸಿನ ರಾಣಿ ಮಾರಿ ಆಂತ್ವಾನೆತ್ ಇನ್ನೂ ಬದುಕಿದ್ದಳೆಂದು ನೆನಪಿಸಿದರೆಂದು ಹೇಳುತ್ತಾರೆ. ಐತಿಹ್ಯವನ್ನು ನಂಬದವರಿಗೆ ಪ್ರತ್ಯಕ್ಷ ಸಾಕ್ಷ್ಯವೂ ಇದೆ: ಅಮೆರಿಕದ ನ್ಯೂಜೆರ್ಸಿಯ ಲಿಬರ್ಟಿ ಹಾಲ್ ಎಂಬ ಹಳೆಯ ಮನೆಯನ್ನು ದುರಸ್ತಿ ಮಾಡುತ್ತಿದ್ದಾಗ, 1796ರ ಕಾಲದ ಮಡೀರಾ ಸೀಸೆಗಳು ಗೋಡೆಯ ಹಿಂದಿನಿಂದ ಹೊರಬಂದ ಸುದ್ದಿ 2017ರಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಆವಶ್ಯಕ. ಹಳೆಯ ಇಸವಿಯುಳ್ಳ ಸೀಸೆಗಳೆಲ್ಲವೂ ಆ ವರ್ಷದವೇ ಆಗಿರಬೇಕೆಂದಿಲ್ಲ. ಸೊಲೆರಾ ಎಂಬ ಪದ್ಧತಿಯಲ್ಲಿ ಪೀಪಾಯಿಯಿಂದ ಆಗಾಗ್ಗೆ ಒಂದು ಭಾಗವನ್ನು ತೆಗೆದು ಅಷ್ಟೇ ಪ್ರಮಾಣದ ಎಳೆಯ ವೈನನ್ನು ತುಂಬುತ್ತಿದ್ದುದರಿಂದ, ಅದರ ಮೇಲಿನ ಇಸವಿ ಆರಂಭದ ವರ್ಷವನ್ನು ಮಾತ್ರ ಸೂಚಿಸುತ್ತದೆ. ಸೀಸೆಯಲ್ಲಿ ಎಷ್ಟು ವರ್ಷ ಇತ್ತೆಂಬುದಕ್ಕಿಂತ ಪೀಪಾಯಿಯಲ್ಲಿ ಎಷ್ಟು ವರ್ಷ ಇತ್ತೆಂಬುದೇ ಮಡೀರಾದ ವಯಸ್ಸಿಗೆ ನಿಜವಾದ ಅಳತೆಯೆಂಬುದನ್ನೂ ಕೊಳ್ಳುವವರು ನೆನಪಿನಲ್ಲಿಡಬೇಕು.

ಹಳೆಯ ಮಡೀರಾದ ಬೆಲೆ ದುಬಾರಿಯೆಂದು ಯಾರಾದರೂ ಆಕ್ಷೇಪಿಸಿದರೆ, ವರ್ಷ ವರ್ಷವೂ ಆವಿಯಾಗಿ ಹೋದ ವೈನಿನ ನಷ್ಟವನ್ನೂ, ಅರ್ಧ ಶತಮಾನ ಮಲಗಿದ ಬಂಡವಾಳದ ಬಡ್ಡಿಯನ್ನೂ, ಹಣದ ಅಡಚಣೆಯಲ್ಲಿಯೂ ಪೀಪಾಯಿಗೆ ಕೈಹಚ್ಚದೆ ಉಳಿದ ಸಂಯಮವನ್ನೂ ಕೂಡಿಸಿ ನೋಡುವುದು ನ್ಯಾಯ. ಮನೆತನದ ಪರಂಪರೆಯೆಂದು ನಾವು ಸಡಿಲವಾಗಿ ಬಳಸುವ ಮಾತಿಗೆ ಇಲ್ಲಿ ಖಚಿತವಾದ ಅರ್ಥವಿದೆ: ತಾತನು ತುಂಬಿಸಿದುದನ್ನು ಮೊಮ್ಮಗನು ಮಾರುವುದು, ಮಾರಿದಷ್ಟನ್ನು ತನ್ನ ಮೊಮ್ಮಗನಿಗಾಗಿ ಮತ್ತೆ ತುಂಬಿಸುವುದು. ಈ ಲೆಕ್ಕದಲ್ಲಿ ಅವಸರಕ್ಕೆ ಇಂದಿಗೂ ಎಡೆಯಿಲ್ಲ. 2025ರ ಸುಗ್ಗಿಯಲ್ಲಿ ಕೊಯ್ದ ಹಣ್ಣಿನಿಂದಾದ ವೈನು ಎಷ್ಟೇ ಉತ್ಕೃಷ್ಟವಾಗಿದ್ದರೂ, 2045ನೆಯ ವರ್ಷ ಬರುವವರೆಗೆ ಅದನ್ನು ಫ್ರಾಸ್ಕೇಯ್ರಾ ಎಂದು ಮಾರಲು ಅಲ್ಲಿನ ನಿಯಮ ಒಪ್ಪುವುದಿಲ್ಲ.